ಆಪರೇಟಿಂಗ್ ಸಿಸ್ಟಂ: ವೇಗವೊಂದೇ ಅಳತೆಯಲ್ಲ

ಗಣಕಯಂತ್ರದ ಸ್ಮೃತಿಯನ್ನೂ ಕಾಲವನ್ನೂ ವಿವಿಧ ಕೆಲಸಗಳಿಗೆ ಹಂಚಿಕೊಡುವ ಮೇಲ್ವಿಚಾರಕನೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಮೇಲೋ, ಲಿನಕ್ಸ್ ಮೇಲೋ?

೧೯೯೧ರಲ್ಲಿ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ೨೦೧೭ರ ನವೆಂಬರ್ ವೇಳೆಗೆ ಜಗತ್ತಿನ ಅತಿವೇಗದ ೫೦೦ ಗಣಕಗಳೆಲ್ಲವನ್ನೂ ನಡೆಸುತ್ತಿದ್ದಿತು. ಆದರೆ ಅಲ್ಲಿನ ಗುರಿ ಬೃಹತ್ ಗಣಿತವನ್ನು ಶೀಘ್ರವಾಗಿ ಮುಗಿಸುವುದು. ಮನೆಯಲ್ಲಿ ನಮಗೆ ಬೇಕಾದುದು ಕೀಲಿಯೊತ್ತಿದೊಡನೆ ಅಕ್ಷರ ಮೂಡುವುದು, ಪ್ರಿಂಟರ್ ಹೊಂದಿಕೊಳ್ಳುವುದು, ಬೇಕಾದ ತಂತ್ರಾಂಶ ದೊರೆಯುವುದು. ಕೊನೆಯ ಎರಡರಲ್ಲಿ ವಿಂಡೋಸ್ ಹಲವೊಮ್ಮೆ ಮುಂದು.

ವಿಂಡೋಸ್ ೧೦ರ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ ಕನಿಷ್ಠ ೪ ಗಿಗಾಬೈಟ್ ಸ್ಮೃತಿಯನ್ನೂ ನಿರ್ದಿಷ್ಟ ಭದ್ರತಾ ಸೌಲಭ್ಯವನ್ನೂ ಬೇಡುತ್ತದೆ. ಇವಿಲ್ಲದ ಹಳೆಯ ಯಂತ್ರವನ್ನು ಎಸೆಯಬೇಕೆ? ಮೊದಲು ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ, ನಮ್ಮ ನಿತ್ಯದ ಕೆಲಸಗಳು ಸಾಗುವುವೇ ಎಂದು ಪರೀಕ್ಷಿಸೋಣ.