ಮೊದಲು ಯಾವ ಪುಸ್ತಕ?

ನಿಮ್ಮ ಬಳಗ ಜೂನ್ ತಿಂಗಳ ಓದಿಗೆ ಕ್ವೀರ್ ಬದುಕನ್ನು ಆರಿಸಿಕೊಂಡದ್ದು ತಿಳಿದು ಖುಷಿಯಾಯಿತು, ಮೇಡಂ. ವಸುಧೇಂದ್ರರ ‘ಮೋಹನಸ್ವಾಮಿ’ಯಿಂದಲೇ (2013) ಶುರು ಮಾಡಿ. ಕಥಾಸಂಕಲನವಾದ್ದರಿಂದ ವಾರಕ್ಕೊಂದು ಕಥೆ ಹಂಚಿಕೊಳ್ಳಬಹುದು. ಪುಸ್ತಕ ಪೂರ್ತಿ ಮುಗಿಸದವರೂ ಮಾತಿಗೆ ಕೂರಬಹುದು.

ಆಮೇಲೆ ಎ. ರೇವತಿಯವರ ಆತ್ಮಕಥೆ ‘ಬದುಕು ಬಯಲು’. ದು. ಸರಸ್ವತಿ ಕನ್ನಡಕ್ಕೆ ತಂದಿದ್ದಾರೆ. ಹಿಜಡಾ ಸಮುದಾಯ ಸೇರಿ, ಆಸೆಯಿಂದ ಕೂದಲು ಬಿಟ್ಟಿದ್ದ ರೇವತಿಯವರ ತಲೆಯನ್ನು ಮನೆಯವರೇ ಬೋಳಿಸುವ ಪ್ರಸಂಗ ಬಂದಾಗ ನಾನು ಪುಸ್ತಕ ಮಡಚಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಆ ಪುಟಗಳನ್ನು ಬಳಗದಲ್ಲಿ ಗಟ್ಟಿಯಾಗಿ ಓದಿ. ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಮೂರನೆಯದಾಗಲಿ.

ಇನ್ನೊಂದು ಮಾತು. ‘ಇದನ್ನೇ ಯಾಕೆ ಆರಿಸಿದಿರಿ’ ಎಂದು ಯಾರನ್ನೂ ಕೆದಕಬೇಡಿ. ಹೆತ್ತವರಿಗೂ ಹೇಳಿಕೊಳ್ಳಲಾಗದೆ ಒಳಗೇ ಇಟ್ಟುಕೊಂಡವರು ನಿಮ್ಮ ನಡುವೆಯೇ ಕೂತಿರಬಹುದು.