ಪರಿಸರ ಎಂಜಿನಿಯರಿಂಗ್ ಪದವೀಧರರು ಮತ್ತು ನಮ್ಮ ಸಣ್ಣ ಉದ್ದಿಮೆಗಳು

ಪರಿಸರ ಎಂಜಿನಿಯರಿಂಗ್ ಪದವಿ ಪಡೆದವರಿಗೆ ಉದ್ಯೋಗವೆಲ್ಲಿ ಎಂದು ಕೇಳಿದರೆ ಸಾಮಾನ್ಯವಾಗಿ ಮೂರು ಉತ್ತರಗಳು ದೊರೆಯುತ್ತವೆ: ಮಾಲಿನ್ಯ ನಿಯಂತ್ರಣ ಮಂಡಳಿ, ನಗರ ಸ್ಥಳೀಯ ಸಂಸ್ಥೆಗಳು ಮತ್ತು ಖಾಸಗಿ ಸಲಹಾ ಸಂಸ್ಥೆಗಳು. ಮೊದಲೆರಡರಲ್ಲಿ ಹುದ್ದೆಗಳು ಸೀಮಿತ. ಆದರೆ ನಾಲ್ಕನೆಯ ಕ್ಷೇತ್ರವೊಂದು ನಮ್ಮ ಕೈಗಾರಿಕಾ ವಸಾಹತುಗಳಲ್ಲಿಯೇ ಇದೆ. ಅದರತ್ತ ಪದವೀಧರರೂ ಉದ್ದಿಮೆದಾರರೂ ಸಾಕಷ್ಟು ಗಮನ ಹರಿಸಿಲ್ಲ.

ಅಗತ್ಯವೇನು?

1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಗಳ ಅನ್ವಯ ಮಾಲಿನ್ಯಕಾರಕ ಘಟಕಗಳು ಮಂಡಳಿಯ ಸಮ್ಮತಿ ಪಡೆಯಬೇಕು. ಅಪಾಯಕಾರಿ ತ್ಯಾಜ್ಯದ ನಿರ್ವಹಣೆಗೆ 2016ರ ನಿಯಮಗಳಿವೆ. ಸಮ್ಮತಿಪತ್ರದ ಅರ್ಜಿಯನ್ನು ಸಲಹೆಗಾರರು ಸಿದ್ಧಪಡಿಸಬಲ್ಲರು. ಅದರಲ್ಲಿನ ಷರತ್ತುಗಳನ್ನು ಪ್ರತಿದಿನ ಪಾಲಿಸಬೇಕಾದವರು ಮಾತ್ರ ಘಟಕದ ಮಾಲೀಕರು.

ಒಂದು ಉದಾಹರಣೆ

ಪೀಣ್ಯದಂತಹ ಪ್ರದೇಶಗಳಲ್ಲಿರುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳನ್ನೇ ಪರಿಶೀಲಿಸೋಣ. ಕ್ರೋಮಿಯಂ ಬೆರೆತ ತೊಳೆನೀರಿಗೆ ನೇರವಾಗಿ ಸುಣ್ಣ ಸುರಿದರೆ ಪ್ರಯೋಜನವಿಲ್ಲ. ಮೊದಲು ಅದನ್ನು ಆಮ್ಲೀಯಗೊಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿ, ವಿಷಕಾರಿಯಾದ ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನು ಟ್ರೈವೇಲೆಂಟ್ ರೂಪಕ್ಕೆ ತರಬೇಕು. ಆನಂತರವೇ ಸುಣ್ಣ ಸೇರಿಸಿ ಕೆಸರಾಗಿ ಇಳಿಸಬೇಕು. ಆ ಕೆಸರೂ ಅಪಾಯಕಾರಿ ತ್ಯಾಜ್ಯವೇ. ಸಯನೈಡ್ ಬಳಸುವ ಘಟಕಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸಯನೈಡ್ ನೀರು ಆಮ್ಲದೊಡನೆ ಬೆರೆತರೆ ಹೈಡ್ರೋಜನ್ ಸಯನೈಡ್ ಅನಿಲ ಹೊಮ್ಮಿ ಕಾರ್ಮಿಕರ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಈ ಎರಡು ತೊಳೆನೀರುಗಳ ಕೊಳವೆಗಳು ಪ್ರತ್ಯೇಕವಾಗಿರಬೇಕೆಂಬುದನ್ನು ಕಾಗದಪತ್ರಗಳಿಂದಷ್ಟೇ ಖಾತ್ರಿಪಡಿಸಲಾಗದು. ಬಲ್ಲವರು ಸ್ಥಳದಲ್ಲಿ ನಿಂತು ನೋಡಬೇಕು.

ಇದು ಕೇವಲ ವೆಚ್ಚದ ಬಾಬತ್ತಲ್ಲ. ಒಂದೇ ತೊಟ್ಟಿಯಲ್ಲಿ ತೊಳೆಯುವ ಬದಲು ಎರಡು ಮೂರು ತೊಟ್ಟಿಗಳನ್ನಿರಿಸಿ, ವಸ್ತು ಸಾಗುವ ದಿಕ್ಕಿಗೆ ವಿರುದ್ಧವಾಗಿ ನೀರು ಹರಿಯುವಂತೆ ಮಾಡಿದರೆ ನೀರಿನ ಬಳಕೆ ಬಹಳಷ್ಟು ತಗ್ಗುತ್ತದೆ. ಶುದ್ಧೀಕರಿಸಬೇಕಾದ ನೀರೂ ಅಷ್ಟೇ ಕಡಿಮೆಯಾಗುತ್ತದೆ.

ಮಾಡಬೇಕಾದುದು

ಸಣ್ಣ ಘಟಕವೊಂದಕ್ಕೆ ಪೂರ್ಣಾವಧಿ ಎಂಜಿನಿಯರರ ಸಂಬಳ ಹೊರೆಯಾಗಬಹುದು. ಒಂದೇ ವಸಾಹತಿನ ನಾಲ್ಕೈದು ಘಟಕಗಳು ಸೇರಿ ಒಬ್ಬರನ್ನು ನೇಮಿಸಿಕೊಂಡರೆ ಹೊರೆ ಹಂಚಿಹೋಗುತ್ತದೆ. ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಘಟಕಗಳಲ್ಲಿ ತರಬೇತಿ ನೀಡುವುದೂ ಉಪಯುಕ್ತ. ಪದವೀಧರರು ಸಹ ಕಾಯ್ದೆಯ ಕಲಮುಗಳ ಜೊತೆಗೆ ತಯಾರಿಕಾ ವಿಧಾನ, ಪ್ರಯೋಗಾಲಯ ಪರೀಕ್ಷೆ ಮತ್ತು ವೆಚ್ಚದ ಲೆಕ್ಕವನ್ನು ಅರಿತಿರಬೇಕು. ಅಂತಹವರಿಗೆ ನಮ್ಮ ಉದ್ದಿಮೆಗಳಲ್ಲಿ ಕೆಲಸಕ್ಕೆ ಕೊರತೆಯಿರದು.