ಇಳಿಜಾರಿನ ಬಿರುಕೂ ಛಾಯಾಚಿತ್ರವೂ

ಬೆಂಗಳೂರಿನ ಮಾವಳ್ಳಿಯ ಲಾಲ್‌ಬಾಗಿನಲ್ಲಿರುವ ಹೆಬ್ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಪುರಾತನವಾದುದು. ಭೂಶಾಸ್ತ್ರಜ್ಞರು ಇಂತಹ ಶಿಲೆಯ ಛಾಯಾಚಿತ್ರವನ್ನು ತೆಗೆಯುವಾಗ ಪಕ್ಕದಲ್ಲಿ ಒಂದು ಸುತ್ತಿಗೆಯನ್ನಿಡುವುದು ವಾಡಿಕೆ. ಅಳತೆ ತಿಳಿದ ವಸ್ತುವಿಲ್ಲದಿದ್ದರೆ, ಚಿತ್ರದಲ್ಲಿನ ಬಿರುಕು ಗೇಣುದ್ದವೋ ಆಳುದ್ದವೋ ಹೇಳಲಾಗದು.

ಬಂಡೆಯು ನಿಂತಲ್ಲಿ ನಿಂತಿರುವುದು. ಇಳಿಜಾರಿನ ಮಣ್ಣು ಹಾಗಲ್ಲ. 2018ನೆಯ ಇಸವಿ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆಗಳೂ ಕಾಫಿ ತೋಟಗಳೂ ಮಣ್ಣುಪಾಲಾದುವು. ಅದಕ್ಕೆ ಮೊದಲೂ ಅನಂತರವೂ ಉಪಗ್ರಹಗಳು ತೆಗೆದ ಚಿತ್ರಗಳನ್ನು ವಿಜ್ಞಾನಿಗಳು ಹೋಲಿಸಿ, ಹಸುರಿದ್ದೆಡೆ ಬರಿಮಣ್ಣಿನ ಪಟ್ಟೆಗಳು ಮೂಡಿದ ಸ್ಥಳಗಳನ್ನು ಗುರುತಿಸಿದರು. ಆದರೆ ಮೋಡ ಕವಿದಾಗ ಸಾಧಾರಣ ಉಪಗ್ರಹಚಿತ್ರದಲ್ಲಿ ನೆಲವು ಕಾಣದು. ರೇಡಾರ್ ಉಪಗ್ರಹವು ಮೋಡವನ್ನು ಭೇದಿಸಿ ನೋಡಬಲ್ಲುದಾದರೂ, ತೋಟದೊಳಗಿನ ಬೆರಳಗಲದ ಬಿರುಕು ಅದರ ಚಿತ್ರದಲ್ಲಿಯೂ ತೋರದು. ಆ ಕೆಲಸವು ಭೂಮಾಲೀಕರದೇ ಸರಿ.

ಬಿರುಕು ಕಂಡ ಇಳಿಜಾರನ್ನು ಮುಂಗಾರಿಗೆ ಮುಂಚೆ ಒಂದು ಗೊತ್ತಾದ ಕಲ್ಲಿನ ಬಳಿ ನಿಂತು ಚಿತ್ರಿಸತಕ್ಕದ್ದು. ಬಿರುಕಿನ ಪಕ್ಕದಲ್ಲಿ ಅಡಿಗಳನ್ನು ಗುರುತುಮಾಡಿದ ಕೋಲನ್ನಿಟ್ಟು, ತಾರೀಖನ್ನೂ ಸರ್ವೆ ನಂಬರನ್ನೂ ಬರೆದಿಡಬೇಕು. ಮಳೆ ಹೊಳವಾದಾಗ ಅದೇ ಕಲ್ಲಿನ ಬಳಿಯಿಂದ, ಅದೇ ದಿಕ್ಕಿಗೆ ಪುನಃ ತೆಗೆದರೆ ಮಾತ್ರ ಎರಡನ್ನೂ ಹೋಲಿಸಲು ಸಾಧ್ಯ. ನಿಂತ ಜಾಗ ಬದಲಾದರೆ ಎಷ್ಟು ಅಂದವಾದ ಚಿತ್ರವೂ ಈ ಕಾರ್ಯಕ್ಕೆ ನಿರುಪಯುಕ್ತ. ಗ್ರಾಮದ ಮುಖ್ಯಸ್ಥರು ಇದರ ಒಂದೊಂದು ಪ್ರತಿಯನ್ನು ತಮ್ಮಲ್ಲಿಯೂ ಇಟ್ಟುಕೊಳ್ಳುವುದು ಲೇಸು.

ಬಿರುಕು ಅಗಲವಾಗುತ್ತಿದ್ದರೆ, ಮರಗಳು ವಾಲಿದರೆ, ಒರತೆಯ ತಿಳಿನೀರು ಹಠಾತ್ತಾಗಿ ಕೆಸರಾದರೆ, ಚಿತ್ರಕ್ಕೆಂದು ಅಲ್ಲಿ ನಿಲ್ಲತಕ್ಕದ್ದಲ್ಲ. ಕೆಳಗಿನ ಮನೆಗಳ ಜನರನ್ನೂ ದನಕರುಗಳನ್ನೂ ಒಡನೆ ಬೇರೆಡೆಗೆ ಸಾಗಿಸಿ ತಹಶೀಲ್ದಾರರಿಗೆ ವರ್ತಮಾನ ಕಳುಹಿಸಬೇಕು.